ಮೇಷ್ಟ್ರ ಕೋಲು ಯಾರ ಕೈಗೆ

"ಇಷ್ಟರಲ್ಲಿ ನಿಮಗೆ ಯಾವುದು ಇಷ್ಟವೋ ಅದನ್ನ ಕೆಳಗಿಳಿಸಿ," ಎಂದರು ಇನ್ಸ್‌ಪೆಕ್ಟರ್.

ದೊಡ್ಡಣ್ಣ ಗೋಡೆಯ ಕಡೆ ತಿರುಗಿ ನೋಡಲೂ ಇಲ್ಲ. ಸುಮ್ಮನೆ ಕೈ ಹಿಂದಕ್ಕೆ ಚಾಚಿದ. ಆಳುದ್ದದ ಕೋಲೊಂದು ಸಾಕಿದ ಪ್ರಾಣಿಯ ಹಾಗೆ ಅವನ ಅಂಗೈಗೆ ಬಂದು ಕೂತಿತು.

ತಾಲೀಮು ಶಾಲೆಯ ಆಯುಧದ ಕೋಣೆ ಉದ್ದವಾಗಿ, ಇಕ್ಕಟ್ಟಾಗಿತ್ತು. ಒಂದು ಗೋಡೆಗೆ ಕತ್ತಿಗಳು. ಎದುರುಗೋಡೆಗೆ ಈಟಿ, ಸರಪಳಿ, ಗಿಡ್ಡ ಜೋಡಿಕೋಲುಗಳು. ಎಣ್ಣೆ, ಬೆವರು, ಹಳೆಯ ಚರ್ಮ ಎಲ್ಲ ಸೇರಿದ ವಾಸನೆ. ನಟ್ಟನಡುವೆ ಎರಡು ಮೊಳೆ ಮಾತ್ರ ಖಾಲಿ. ಮೇಷ್ಟ್ರ ಕೋಲು ಅಲ್ಲಿರುತ್ತಿತ್ತು.

ಮೊನ್ನೆ ಬೆಳಿಗ್ಗೆ ತಾಲೀಮಿನ ಅಂಗಳದಲ್ಲಿ ತಲೆಗೆ ಏಟು ಬಿದ್ದು ಪ್ರಜ್ಞೆ ಇಲ್ಲದೆ ಸಿಕ್ಕಿದ್ದ ಮೇಷ್ಟ್ರು ಆಸ್ಪತ್ರೆಯಲ್ಲಿ ಇನ್ನೂ ಕಣ್ಣು ಬಿಟ್ಟಿರಲಿಲ್ಲ. ಅವರ ಪಕ್ಕದಲ್ಲಿ ಎರಡು ತುಂಡಾಗಿ ಸಿಕ್ಕಿದ ಕೋಲು ಈಗ ಪ್ಲಾಸ್ಟಿಕ್ ಚೀಲದೊಳಗೆ, ಇನ್ಸ್‌ಪೆಕ್ಟರ್ ಕಂಕುಳಲ್ಲಿ ಇತ್ತು.

"ಇದೇ ಯಾಕೆ ಇಷ್ಟ?"

ದೊಡ್ಡಣ್ಣ ಹುಬ್ಬೇರಿಸಿದ. ಆ ಹೊತ್ತಿನಲ್ಲಿ ಎಲ್ಲಿದ್ರಿ, ಯಾರ ಜೊತೆಗಿದ್ರಿ ಅನ್ನೋ ಪ್ರಶ್ನೆಗೆ ತಯಾರಾಗಿ ಬಂದವನಿಗೆ ಇದು ಅಡ್ಡದಾರಿಯಿಂದ ಬಂದ ಏಟು. ಇನ್ಸ್‌ಪೆಕ್ಟರ್ ಕೆಲಸ ಮಾಡುತ್ತಿದ್ದ ರೀತಿಯೇ ಅದು. ಎಲ್ಲಿದ್ರಿ ಎಂದು ಕೇಳಿದರೆ ಜನ ಎಚ್ಚರವಾಗುತ್ತಾರೆ. ಯಾಕೆ ಇಷ್ಟ ಎಂದು ಕೇಳಿದರೆ ಮೈಮರೆಯುತ್ತಾರೆ.

"ಕತ್ತಿಗೆ ಒಂದೇ ಬಾಯಿ ಮೇಡಂ. ಈಟಿಗೆ ಒಂದೇ ಮೂಗು. ಕೋಲಿಗೆ ಹಿಂದು ಮುಂದು ಅಂತಿಲ್ಲ. ಯಾವ ತುದಿ ಬೇಕಾದ್ರೂ ಮಾತಾಡುತ್ತೆ." ಅವನು ಕೋಲು ತಿರುಗಿಸಿದ. ಕೈಗಳು ಅದರ ಉದ್ದಕ್ಕೂ ಜಾರಿದವು. ಒಮ್ಮೆ ನಡುವೆ, ಒಮ್ಮೆ ತುದಿಯ ಹತ್ತಿರ. "ಕತ್ತಿ ಹಿರಿದ ಮೇಲೆ ರಕ್ತ ಕಾಣಲೇಬೇಕು. ಇದರಲ್ಲಿ ಹಾಗಲ್ಲ. ಗದರಿಸೋದು, ದೂರ ನಿಲ್ಲಿಸೋದು, ಬೇಕಾದ್ರೆ ಕೈ ಮುರಿಯೋದು. ಎಷ್ಟು ಬೇಕೋ ಅಷ್ಟೇ."

"ಮೇಷ್ಟ್ರೂ ಅದಕ್ಕೇ ಕೋಲು ಹಿಡಿದಿದ್ದಾ?"

"ಅವರು ಯಾಕೆ ಹಿಡಿದ್ರೋ ಕೇಳಿಲ್ಲ. ಅವರು ಹಿಡಿದಿದ್ದಕ್ಕೆ ನಾನು ಹಿಡಿದೆ." ಮಾತು ಬಾಯಿಂದ ಜಾರಿದ ಮೇಲೆ ಅವನು ಕೋಲನ್ನು ನೆಲಕ್ಕೂರಿ ನಿಂತ. ನಲವತ್ತು ದಾಟಿದ ಆಳು, ಕಂಬದಂಥ ಕತ್ತು. ಈ ಶಾಲೆಗೆ ಅಂಗಳ ಗುಡಿಸಲು ಬಂದವನು ಅಲ್ಲೇ ಉಳಿದು ಹಿರಿಯ ಶಿಷ್ಯನಾಗಿದ್ದ. ಊರಿಗೆಲ್ಲ ಅವನು ದೊಡ್ಡಣ್ಣ.

"ಬರೋ ಭಾನುವಾರ ಮೇಷ್ಟ್ರ ಕೋಲು ನಿಮ್ಮ ಕೈಗೆ ಬರಬೇಕಿತ್ತು."

"ನನ್ನ ಕೈಗಾ?" ದೊಡ್ಡಣ್ಣ ನಕ್ಕ. ಆ ನಗುವಿನಲ್ಲಿ ಹಲ್ಲು ಮಾತ್ರ ಇತ್ತು. "ಹಲ್ಲಿನ ಡಾಕ್ಟರಮ್ಮನ ಕೈಗೆ. ಶಾಲೆ ಇನ್ನು ಮುಂದೆ ಅವರದ್ದು ಅಂತ ಮೇಷ್ಟ್ರು ಎಲ್ಲರೆದುರು ಹೇಳಿಬಿಟ್ರು. ಜ್ವರ ಬಂದಾಗ ಅವರ ಕಾಲು ಒತ್ತಿದ್ದು ನಾನು. ಸೂರು ಸೋರಿದಾಗ ಮೇಲೆ ಹತ್ತಿದ್ದು ನಾನು. ಆಯಮ್ಮ ಬಂದಿದ್ದು ಯಾಕೆ ಗೊತ್ತಾ? ಬೆನ್ನು ನೋವು ಅಂತ! ಬೆನ್ನು ನೋವಿಗೆ ಬಂದೋರಿಗೆ ಕೋಲು ಕೊಡ್ತಾರಾ ಯಾರಾದ್ರೂ?"

"ಹೊಟ್ಟೆ ಉರೀತಾ?"

"ಸುಟ್ಟುಹೋಯ್ತು," ಎಂದ ದೊಡ್ಡಣ್ಣ. ಮುಚ್ಚಿಡುವ ಗೋಜಿಗೇ ಹೋಗಲಿಲ್ಲ.

ಇನ್ಸ್‌ಪೆಕ್ಟರ್ ಚೀಲವನ್ನು ಬೆಂಚಿನ ಮೇಲಿಟ್ಟರು. ಎರಡು ತುಂಡುಗಳಲ್ಲಿ ಉದ್ದನೆಯದರ ತುದಿಯಲ್ಲಿ ಬಿಳಿ ಮೆತ್ತಿತ್ತು. ಎರಡು ಅಂಗೈಗಳ ಗುರುತು, ಒಂದಕ್ಕೊಂದು ತಾಗಿಕೊಂಡು. ಬೆರಳಚ್ಚು ಕಲಸಿಹೋಗಿದೆ, ಉಪಯೋಗವಿಲ್ಲ ಎಂದು ಪ್ರಯೋಗಾಲಯದವರು ಆಗಲೇ ಕೈ ಚೆಲ್ಲಿದ್ದರು.

"ಈ ಬಿಳಿ ಏನು?"

ದೊಡ್ಡಣ್ಣನ ಮುಖದಲ್ಲಿ ಏನೋ ಬೆಳಗಿತು. ಖುಷಿ ಅನ್ನುವ ಹಾಗೂ ಇಲ್ಲ, ಅಲ್ಲ ಅನ್ನುವ ಹಾಗೂ ಇಲ್ಲ.

"ಸುಣ್ಣದಪುಡಿ. ಬೆವರಿಗೆ ಹಿಡಿ ಜಾರಬಾರದು ಅಂತ ಕತ್ತಿಯವರು ಹಚ್ಕೋತಾರೆ. ನಾವು ಹಚ್ಚಲ್ಲ. ಕೋಲು ಕೈಯಲ್ಲಿ ಜಾರಲೇಬೇಕು, ಜಾರದಿದ್ರೆ ಅದು ಕೋಲೇ ಅಲ್ಲ." ಅವನು ಕೈಯಲ್ಲಿದ್ದ ಕೋಲನ್ನು ಗೋಡೆಗೆ ಮರಳಿಸಿದ. "ಈ ಶಾಲೆಯಲ್ಲಿ ದಿನಾ ಕತ್ತಿ ಹಿಡಿಯೋಳು ಒಬ್ಬಳೇ. ಅವಳು ಯಾರ ಮಗಳು ಅಂತ ನಾನು ಹೇಳಬೇಕಾಗಿಲ್ಲ."

"ಇದು ಮೇಷ್ಟ್ರ ಕೋಲೇ ತಾನೇ?"

ಅವನು ಬಾಗಿ ನೋಡಿದ. ತುದಿಯ ತಾಮ್ರದ ಬಳೆಯನ್ನು ಪ್ಲಾಸ್ಟಿಕ್ ಮೇಲಿಂದಲೇ ಮುಟ್ಟಿದ. "ಅವರದ್ದೇ. ಕಣ್ಣು ಕಟ್ಟಿದ್ರೂ ಹೇಳ್ತೀನಿ." ಕಣ್ಣು ತುಂಬಿ ಬಂತು. ಆಸ್ಪತ್ರೆಗೆ ಹೋಗಬೇಕು, ಹೊತ್ತಾಯ್ತು ಎಂದು ಹೊರಟುಬಿಟ್ಟ.

* * *

ಹಲ್ಲಿನ ಡಾಕ್ಟರಮ್ಮನ ಕುರ್ಚಿಯಲ್ಲಿ ಒಬ್ಬ ದಪ್ಪ ಮನುಷ್ಯ ಬಾಯಿ ತೆರೆದು ಒರಗಿದ್ದ. ಚುಚ್ಚುಮದ್ದು ಏರಲಿ ಎಂದು ಬಿಟ್ಟಿದ್ದರು. ಪೊಲೀಸ್ ಸಮವಸ್ತ್ರ ಕಂಡು ಅವನ ಕಣ್ಣು ಅಗಲವಾಯಿತು. ಬಾಯಿ ಮಾತ್ರ ಮುಚ್ಚಲಾಗಲಿಲ್ಲ.

"ನಿಮಗಲ್ಲ," ಎಂದು ಡಾಕ್ಟರಮ್ಮ ಅವನ ಭುಜ ತಟ್ಟಿ, ಇನ್ಸ್‌ಪೆಕ್ಟರನ್ನು ಪಕ್ಕದ ಸಣ್ಣ ಕೋಣೆಗೆ ಕರೆದೊಯ್ದರು. ಕನ್ನಡಕ, ನರೆತ ಜಡೆ, ಗಿಡ್ಡ ದೇಹ. ಮೇಷ್ಟ್ರು ಬಿದ್ದು ಸಿಕ್ಕಿದ್ದರ ಹಿಂದಿನ ಸಂಜೆ ಕ್ಲಿನಿಕ್ಕಿನ ಬಾಗಿಲು ಹಾಕುವವರೆಗೂ ಅವರ ಮುಂದೆ ರೋಗಿಗಳ ಸಾಲು ಇತ್ತು, ಆಮೇಲೆ ಗಂಡ ಬಂದು ಕರೆದುಕೊಂಡು ಹೋಗಿದ್ದ. ಅದನ್ನೆಲ್ಲ ವಿಚಾರಿಸಿ ಆಗಿತ್ತು.

"ನಿಮಗೆ ಯಾವ ಆಯುಧ ಇಷ್ಟ?"

"ಗಿಡ್ಡ ಜೋಡಿಕೋಲು." ಉತ್ತರ ತಕ್ಷಣ ಬಂತು. "ನನ್ನ ಕೆಲಸವೆಲ್ಲ ಇಷ್ಟಗಲ ಬಾಯಲ್ಲಿ. ಎಡಗೈ ಒಂದು ಮಾಡುತ್ತೆ, ಬಲಗೈ ಇನ್ನೊಂದು. ಅಭ್ಯಾಸ ಆಗಿಹೋಗಿದೆ. ಆ ಉದ್ದದ ಕೋಲು ಕೈಗೆ ಕೊಟ್ಟರೆ ಮೊದಲು ನೆನಪಾಗೋದು ತಲೆ ಮೇಲಿನ ದೀಪ. ಎಲ್ಲಿ ಒಡೆದುಹಾಕ್ತೀನೋ ಅಂತ."

"ಆದರೂ ಮೇಷ್ಟ್ರು ಅದನ್ನೇ ನಿಮಗೆ ಕೊಡೋಕೆ ಹೊರಟಿದ್ರು."

"ಬೇಡ ಅಂದೆ. ಕೈಮುಗಿದು ಬೇಡ ಅಂದೆ. ಅವರು ಏನಂದ್ರು ಗೊತ್ತಾ? ಇಲ್ಲಿ ಇದರ ಮೇಲೆ ಆಸೆ ಇಲ್ಲದಿರೋಳು ನೀನೊಬ್ಬಳೇ, ಅದಕ್ಕೇ ನಿನಗೆ, ಅಂದ್ರು."

"ನಿಜವಾಗ್ಲೂ ಆಸೆ ಇರಲಿಲ್ವಾ?"

ಡಾಕ್ಟರಮ್ಮ ಕೈತೊಳೆಯುವ ತೊಟ್ಟಿಯ ನಲ್ಲಿಯನ್ನು ಸುಮ್ಮನೆ ತಿರುಗಿಸಿ, ಮತ್ತೆ ನಿಲ್ಲಿಸಿದರು.

"ಕೋಲಿನ ಮೇಲೆ ಇರಲಿಲ್ಲ. ಹೊಟ್ಟೆಕಿಚ್ಚು ಇದ್ದಿದ್ದು ಅವರ ಮಗಳ ಮೇಲೆ."

"ಮಗಳ ಮೇಲೆ? ಅವಳಿಗೇನು ಸಿಕ್ಕಿದೆ?"

"ಬೈಗುಳ." ಡಾಕ್ಟರಮ್ಮ ನಗಲಿಲ್ಲ. "ಅವಳ ಹೆಜ್ಜೆ ಒಂದು ಬೆರಳಷ್ಟು ಸರಿದ್ರೂ ಮೇಷ್ಟ್ರು ಸೂರು ಹಾರೋ ಹಾಗೆ ಕೂಗ್ತಾರೆ. ನಾನು ಏನು ಮಾಡಿದ್ರೂ ಚೆನ್ನಾಗಿದೆ, ಚೆನ್ನಾಗಿದೆ ಅಂತಾರೆ. ಚೆನ್ನಾಗಿದೆ ಅನ್ನೋದು ಬೇರೆಯವರ ಮಕ್ಕಳಿಗೆ ಹೇಳೋ ಮಾತು ಮೇಡಂ. ನನ್ನಪ್ಪ ನಾನು ಎಳೆಗೂಸಾಗಿದ್ದಾಗಲೇ ಹೋದರು. ಒಂದು ದಿನ ಯಾರಾದ್ರೂ ನನಗೂ ಹಾಗೆ ಕೂಗಲಿ ಅನ್ನಿಸ್ತಿತ್ತು."

ಒಳಗಿನ ಕುರ್ಚಿಯಿಂದ ದಪ್ಪ ಮನುಷ್ಯ "ಆ... ಆ..." ಎಂದು ಕೂಗಿದ. ಡಾಕ್ಟರಮ್ಮ ಕೈಗವಸು ಎಳೆದುಕೊಂಡು ಎದ್ದರು.

"ಆ ಮಗುಗೆ ಹೇಳಿ, ನನಗೆ ಅವಳ ಜಾಗ ಬೇಡ ಅಂತ. ನಾನು ಹೇಳಿದ್ರೆ ನಂಬಲ್ಲ."

* * *

ಮಗಳು ಅಂಗಳದಲ್ಲಿ ಒಬ್ಬಳೇ ಕತ್ತಿ ಬೀಸುತ್ತಿದ್ದಳು. ಬಿಸಿಲು ಚಪ್ಪಡಿಗಳ ಮೇಲಿಂದ ಸರಿದು ಕಂಬಗಳ ಬುಡಕ್ಕೆ ಬಂದಿತ್ತು. ಇನ್ಸ್‌ಪೆಕ್ಟರ್ ಒಳಗೆ ಬಂದದ್ದು ಗೊತ್ತಿದ್ದೂ ಅವಳು ನಿಲ್ಲಿಸಲಿಲ್ಲ. ಎರಡೂ ಕೈ ಹಿಡಿಯ ಮೇಲೆ ಒಂದರ ಪಕ್ಕ ಒಂದು. ಅಂಗೈ ಬೆಳ್ಳಗೆ.

"ಕತ್ತಿಯೇ ಯಾಕೆ?" ಎಂದು ಕೇಳಿ ಇನ್ಸ್‌ಪೆಕ್ಟರ್ ಮೆಟ್ಟಿಲ ಮೇಲೆ ಕೂತರು.

"ಹಗುರ. ಚುರುಕು. ನನ್ನಂಥ ಸಣ್ಣ ಆಳಿಗೆ ಒಪ್ಪುತ್ತೆ."

"ಇದು ಎಲ್ಲರೂ ಹೇಳೋ ಕಾರಣ. ನಿಮ್ಮದು ಹೇಳಿ."

ಕತ್ತಿ ಗಾಳಿಯಲ್ಲೇ ನಿಂತಿತು. ಅವಳಿಗೆ ಇಪ್ಪತ್ತೈದರ ಆಸುಪಾಸು. ಅಪ್ಪನದೇ ಗಲ್ಲ, ಅಪ್ಪನದೇ ಮೊಂಡು ಮೂಗು. ಚಿಕ್ಕಂದಿನಲ್ಲೇ ತಾಯಿ ತೀರಿಕೊಂಡಿದ್ದಳು. ಮನೆಯಲ್ಲಿದ್ದದ್ದು ಅಪ್ಪ, ಮಗಳು, ಮತ್ತು ದಿನಾ ಊಟಕ್ಕೆ ಬರುತ್ತಿದ್ದ ದೊಡ್ಡಣ್ಣ.

"ಅಪ್ಪನಿಗೆ ಕತ್ತಿ ಬರಲ್ಲ," ಎಂದಳು. "ಅವರಿಗೆ ಬರದೇ ಇರೋದು ಅದೊಂದೇ."

"ಅದು ಒಂದು ಕಾರಣವೇ?"

"ನಿಮಗೆ ಗೊತ್ತಾಗಲ್ಲ ಮೇಡಂ. ನಾನು ಮೊದಲು ಹಿಡಿದಿದ್ದು ಕೋಲೇ. ಕೈ ಎತ್ತಿದ್ರೆ ಅಪ್ಪ, ದೊಡ್ಡಣ್ಣನ್ನ ನೋಡಿ ಕಲಿ ಅನ್ನೋರು. ಕಾಲು ಇಟ್ರೆ ದೊಡ್ಡಣ್ಣ ಹೇಗಿಡ್ತಾನೆ ನೋಡು. ಊಟಕ್ಕೆ ಕೂತ್ರೆ ಅವನಿಗೆ ಬಡಿಸು ಮೊದಲು, ದಣಿದು ಬಂದಿದ್ದಾನೆ. ನಾನೇನು ನೆರಳಲ್ಲಿ ಕೂತಿರ್ತಿದ್ನಾ? ಒಂದು ದಿನ ಕೋಲು ಎಸೆದು ಕತ್ತಿ ತಗೊಂಡೆ. ಅವತ್ತಿಂದ ನನ್ನನ್ನ ಹೋಲಿಸೋಕೆ ಯಾರೂ ಇರಲಿಲ್ಲ."

ಇನ್ಸ್‌ಪೆಕ್ಟರಿಗೆ ಅಕ್ಕ ನೆನಪಾದಳು. ಅಕ್ಕನ ಮೈಗೆ ಚಿಕ್ಕದಾದ ಅಂಗಿಗಳು, ಅಕ್ಕನ ಅಂಕಗಳು. ಆ ನೆನಪನ್ನು ಬದಿಗೆ ತಳ್ಳಿ ಚೀಲವನ್ನು ಮಡಿಲಿಗೆ ಎಳೆದುಕೊಂಡರು.

"ಬಯ್ಯೋದು ಮಾತ್ರ ಬಿಡಲಿಲ್ಲ."

"ಬಿಡಲಿಲ್ಲ. ಬರದೇ ಇರೋ ವಿದ್ಯೆಗೂ ಬೈತಿದ್ರು." ತುಟಿಯ ಕೊನೆ ಸ್ವಲ್ಪ ಸಡಿಲವಾಯಿತು, ಮತ್ತೆ ಬಿಗಿಯಿತು.

"ಕೋಲನ್ನ ಇಲ್ಲಿ ಹಿಡಿದಿದ್ದಾರೆ, ನೋಡಿ." ಇನ್ಸ್‌ಪೆಕ್ಟರ್ ಬಿಳಿ ಗುರುತಿನ ಮೇಲೆ ಬೆರಳಿಟ್ಟರು. "ತುದಿಯಲ್ಲಿ. ಎರಡು ಕೈ ಜೋಡಿಸಿ. ಕೋಲು ಗೊತ್ತಿರೋ ಯಾರೂ ಹೀಗೆ ಹಿಡಿಯಲ್ಲ. ಈಗ ನಿಮ್ಮ ಕೈ ನೋಡ್ಕೊಳ್ಳಿ."

"ಪುಡಿ ಬಾಗಿಲ ಹತ್ರಾನೇ ಇದೆ. ಯಾರು ಬೇಕಾದ್ರೂ ಹಚ್ಕೋಬಹುದು."

"ಹಚ್ಕೋಬಹುದು. ಯಾರು ಹಚ್ಕೊಂಡ್ರು?"

"ದೊಡ್ಡಣ್ಣ ಹೇಳಿದ್ನಾ? ಅವನೇ ಹೇಳಿರ್ತಾನೆ. ಅಪ್ಪ ಮಲಗಿರೋವಾಗ ನನ್ನನ್ನೂ ಜೈಲಿಗೆ ಕಳಿಸಿದ್ರೆ ಮನೆ, ಶಾಲೆ ಎರಡೂ ಅವನಿಗೇ!"

"ನಾನು ಕೇಳಿದ್ದು ನಿಮ್ಮನ್ನ."

ಅವಳು ಕತ್ತಿಯ ಹಿಡಿಗೆ ಮೆತ್ತಿದ ಬಿಳಿಯನ್ನು ಹೆಬ್ಬೆರಳಿಂದ ಉಜ್ಜಿದಳು. ಇನ್ಸ್‌ಪೆಕ್ಟರ್ ಅವಸರ ಮಾಡಲಿಲ್ಲ. ಹೊರಗೆ ಬೀದಿಯಲ್ಲಿ ಯಾರೋ ಅಂಗಡಿಯ ಬಾಗಿಲು ಎಳೆದ ಸದ್ದು.

"ನಿಮ್ಮಪ್ಪ ನಿಮ್ಮನ್ನ ಬಿಟ್ಟು ಹೊರಗಿನೋಳಿಗೆ ಕೋಲು ಕೊಡೋಕೆ ಹೊರಟರು," ಎಂದರು ಇನ್ಸ್‌ಪೆಕ್ಟರ್ ಮೆಲ್ಲಗೆ. "ದೊಡ್ಡಣ್ಣನಿಗೆ ಕೊಟ್ಟಿದ್ರೂ ತಡ್ಕೋತಿದ್ರೇನೋ."

"ತಡ್ಕೋತಿರಲಿಲ್ಲ," ಎಂದಳು ಮಗಳು. ಕತ್ತಿ ಕೈಯಿಂದ ಕೆಳಗಿಟ್ಟಳು. "ಮುರಿದಿದ್ದು ನಾನೇ. ಆದ್ರೆ ಅಪ್ಪನನ್ನ ಹೊಡೆದಿಲ್ಲ."

"ಹೇಳಿ."

"ಎಲ್ಲರೂ ಹೋದ ಮೇಲೆ ಕೇಳಿದೆ, ನನಗ್ಯಾಕಿಲ್ಲ ಅಂತ. ನೀನೇ ಎಸೆದಿದ್ದಲ್ವಾ ಅಂದ್ರು. ಅಷ್ಟೇ. ಬೈಯಲೂ ಇಲ್ಲ! ಒಳಗೆ ಹೋಗಿ ಮೊಳೆಯಿಂದ ಕಿತ್ಕೊಂಡು ಬಂದೆ. ಆ ಕಂಬಕ್ಕೆ ಬೀಸಿದೆ. ಕತ್ತಿ ಬೀಸೋ ಹಾಗೇ ಬೀಸಿದೆ, ನನ್ನ ಕೈಗೆ ಈಗ ಬೇರೆ ಬರಲ್ಲ. ಒಂದೇ ಏಟಿಗೆ ಮುರೀತು."

"ಅವರು ತಡೀಲಿಲ್ವಾ?"

"ಇಲ್ಲ. ನೋಡ್ತಾ ನಿಂತಿದ್ರು. ಕೊಲ್ತಾರೆ ಅಂದ್ಕೊಂಡೆ. ಅವರು ಬಗ್ಗಿ ಒಂದು ತುಂಡು ಎತ್ಕೊಂಡು, ಮುರಿದ ಬಾಯಿ ಮೇಲೆ ಹೆಬ್ಬೆರಳು ಆಡಿಸಿದ್ರು. ಆಮೇಲೆ, ಇದು ನನ್ನದಲ್ಲ ಅಂದ್ರು."

ಇನ್ಸ್‌ಪೆಕ್ಟರ್ ಬೆನ್ನು ನೆಟ್ಟಗಾಯಿತು. "ಏನು?"

"ಇದು ನನ್ನ ಕೋಲಲ್ಲ ಅಂದ್ರು. ಭುಜದ ನೋವು ಅಂತ ಈಚೆಗೆ ಅವರು ಅದನ್ನ ಮುಟ್ಟಿರಲಿಲ್ಲ. ಅಪ್ಪನ ಕೋಲು ಹಳೇದು ಮೇಡಂ, ಎಣ್ಣೆ ಕುಡಿದೂ ಕುಡಿದೂ ಒಳಗಿನವರೆಗೂ ಕಂದು. ಇದು ನೋಡಿ."

ಅವಳು ಬಾಗಿ ಚೀಲದತ್ತ ಬೆರಳು ತೋರಿಸಿದಳು. ಮುರಿದ ಜಾಗದಲ್ಲಿ ಮರ ಸುಲಿದ ಕಡ್ಡಿಯ ಹಾಗೆ ಬೆಳ್ಳಗಿತ್ತು. ಮೇಲೆ ಮಾತ್ರ ಬಣ್ಣ.

"ನಾನು ಅಷ್ಟೆಲ್ಲ ಕೂಗಾಡಿದೆ. ಅಷ್ಟೆಲ್ಲ ಅತ್ತೆ. ಅವರು ನನ್ನ ಮುಖ ಕೂಡ ನೋಡಲಿಲ್ಲ. ಎಲ್ಲಿ ಹೋಯ್ತು, ಎಲ್ಲಿ ಹೋಯ್ತು ಅಂತ ಒಳಗೆ ಹುಡುಕೋಕೆ ಹೋದ್ರು. ಒಂದು ಕಟ್ಟಿಗೆ ಮೇಲೆ ಇರೋ ಪ್ರೀತಿ!" ಅವಳು ಕೈಯಿಂದ ಮೂಗು ಒರೆಸಿಕೊಂಡಳು, ಕೆನ್ನೆಗೆ ಬಿಳಿ ಮೆತ್ತಿತು. "ಗೇಟು ಬಡಿದು ಗೆಳತಿ ಮನೆಗೆ ಹೋದೆ. ಬೆಳಿಗ್ಗೆ ಬಂದು ನೋಡಿದ್ರೆ ಹೀಗೆ ಬಿದ್ದಿದ್ರು. ನಾನು ಹೋಗೋವಾಗ ಗಟ್ಟಿಯಾಗಿದ್ರು ಮೇಡಂ. ಒಳಗೆ ಪೆಟ್ಟಿಗೆ ಎಳೆದಾಡೋ ಸದ್ದು ಕೇಳಿಸ್ತಿತ್ತು."

"ಇದನ್ನ ಮೊದಲೇ ಯಾಕೆ ಹೇಳಲಿಲ್ಲ?"

"ಹೇಳಿದ್ರೆ ನಂಬ್ತಿದ್ರಾ?"

"ಇಲ್ಲ," ಎಂದರು ಇನ್ಸ್‌ಪೆಕ್ಟರ್. ಸುಳ್ಳು ಹೇಳಿ ಪ್ರಯೋಜನವಿರಲಿಲ್ಲ. "ಈ ಬಿಳಿ ಮರ ನೋಡಿದ್ರೆ ದೊಡ್ಡಣ್ಣನಿಗೂ ಗೊತ್ತಾಗುತ್ತೆ ಅಲ್ವಾ?"

"ಅವನಿಗಾ? ಆ ಕೋಲಿಗೆ ವಾರ ವಾರ ಎಣ್ಣೆ ತಿಕ್ತಿದ್ದೋನೇ ಅವನು! ಕತ್ತಲಲ್ಲಿ ಮೂಸಿ ನೋಡಿ ಹೇಳ್ತಾನೆ."

ಬೆಳಿಗ್ಗೆ ಅದೇ ದೊಡ್ಡಣ್ಣ ಇದು ಮೇಷ್ಟ್ರದ್ದೇ ಎಂದು ಕಣ್ಣೀರು ತಂದುಕೊಂಡಿದ್ದ. ತಾಮ್ರದ ಬಳೆ ಮುಟ್ಟಿದ್ದನೇ ಹೊರತು ಮುರಿದ ಜಾಗದ ಕಡೆ ಕಣ್ಣು ಹಾಯಿಸಿರಲಿಲ್ಲ. ಅವನು ಸುಳ್ಳು ಹೇಳಿದ್ದಾನೆಂದು ಇನ್ಸ್‌ಪೆಕ್ಟರ್ ಹೇಳದೆಯೇ ಮಗಳಿಗೆ ಹೊಳೆದಿತ್ತು. ಅವಳ ಕೈ ನೆಲದ ಮೇಲಿನ ಕತ್ತಿಗೆ ಹೋಯಿತು.

"ಕೈ ತೆಗೀರಿ," ಎಂದರು ಇನ್ಸ್‌ಪೆಕ್ಟರ್, ಆಸ್ಪತ್ರೆಯ ಕಾವಲಿಗಿದ್ದ ದಫೇದಾರನಿಗೆ ಫೋನು ಹಚ್ಚುತ್ತಾ.

"ಮೇಡಂ, ನಾನೇ ಫೋನು ಮಾಡಬೇಕು ಅಂತಿದ್ದೆ," ಎಂದ ದಫೇದಾರ. ಏದುಸಿರು ಬಿಡುತ್ತಿದ್ದ. "ಮೇಷ್ಟ್ರು ಕಣ್ಣು ಬಿಟ್ರು."

ಮಗಳು ಎದ್ದು ನಿಂತಳು. ಇನ್ಸ್‌ಪೆಕ್ಟರ್ ಒಂದು ಕ್ಷಣ ಯೋಚಿಸಿ, ಅವಳಿಗೂ ಕೇಳುವ ಹಾಗೆ ಫೋನಿನ ಸ್ಪೀಕರ್ ಒತ್ತಿದರು.

"ದೊಡ್ಡಣ್ಣ ಎಲ್ಲಿ?"

"ಇಲ್ಲೇ, ನನ್ನೆದುರಿಗೇ ನೆಲದ ಮೇಲೆ ಕೂತು ಅಳ್ತಿದ್ದಾರೆ. ಕೋಲು ಬದಲಾಯಿಸಿದ್ದು ತಾವೇ ಅಂತ ಒಪ್ಕೊಂಡ್ರು. ಡಾಕ್ಟರಮ್ಮನ ಕೈಗೆ ನಿಜವಾದ್ದು ಹೋಗಬಾರದು ಅಂತ ಹಾಗೆ ಮಾಡಿದ್ರಂತೆ. ಅದು ಇವರ ಮನೆ ಮಂಚದ ಕೆಳಗಿದೆಯಂತೆ."

"ಹೊಡೆದಿದ್ದೂ ಅವರೇನಾ?"

"ಅದೇ ಮೇಡಂ, ಅಲ್ಲಿಗೇ ಬರ್ತಿದ್ದೀನಿ. ಡಾಕ್ಟರು ಒಬ್ಬರನ್ನ ಮಾತ್ರ ಒಳಗೆ ಬಿಡ್ತೀವಿ ಅಂದ್ರು. ದೊಡ್ಡಣ್ಣ ಹೋದ್ರು, ನಾನು ಬಾಗಿಲಲ್ಲೇ ನಿಂತಿದ್ದೆ. ಕೈ ಹಿಡ್ಕೊಂಡು, ಯಾರು ಹೊಡೆದಿದ್ದು ಮೇಷ್ಟ್ರೇ, ಒಂದು ಹೆಸರು ಹೇಳಿ ಸಾಕು ಅಂದ್ರು. ಮೇಷ್ಟ್ರು, ನನ್ನ ಮಗ ಅಂದ್ರು."

ಮಗಳು ಫೋನಿನ ಹತ್ತಿರಕ್ಕೆ ಒಂದು ಹೆಜ್ಜೆ ಇಟ್ಟಳು.

"ತನ್ನನ್ನೇ ಅಂತಿದ್ದಾರೆ ಅಂದ್ಕೊಂಡು ದೊಡ್ಡಣ್ಣ ಅವರ ಕಾಲಿಗೆ ಬಿದ್ರು. ಕೋಲು ಕದ್ದಿದ್ದು ನಿಜ, ಆಣೆಗೂ ಹೊಡೆದಿಲ್ಲ ಅಂತ ಬಾಯಿ ಬಾಯಿ ಬಡ್ಕೊಂಡ್ರು. ಆಗ ಮೇಷ್ಟ್ರು ತಲೆ ಅಲ್ಲಾಡಿಸಿದ್ರು ಮೇಡಂ. ನೀನಲ್ಲ ಕಣೋ ಅಂದ್ರು. ನನ್ನ ಮಗ. ಹೊಟ್ಟೆಯಲ್ಲಿ ಹುಟ್ಟಿದ ಮಗ. ಅವನಿಗೆ ಏನೂ ಮಾಡಬೇಡಿ, ತಪ್ಪು ನನ್ನದು ಅಂದ್ರು. ಅಷ್ಟು ಹೇಳಿ ಮತ್ತೆ ಕಣ್ಣು ಮುಚ್ಚಿದ್ರು. ಡಾಕ್ಟರು ನಮ್ಮನ್ನ ಹೊರಗೆ ಕಳಿಸಿದ್ರು."

ಫೋನಿನಲ್ಲಿ ದೂರದಿಂದ ಗಂಡಸೊಬ್ಬ ಬಿಕ್ಕುವ ಸದ್ದು ಕೇಳಿಸುತ್ತಿತ್ತು.

ಇನ್ಸ್‌ಪೆಕ್ಟರ್ ನಿಧಾನವಾಗಿ ಮಗಳ ಕಡೆ ತಿರುಗಿದರು. "ನಿಮಗೆ ಅಣ್ಣನೋ ತಮ್ಮನೋ ಇದ್ದಾನಾ?"

"ಅಪ್ಪನಿಗೆ ಮಗ ಇಲ್ಲ ಮೇಡಂ. ನಾನೊಬ್ಬಳೇ." ಅವಳು ಅದನ್ನೇ ಇನ್ನೊಮ್ಮೆ ಹೇಳಿದಳು, ಈ ಸಲ ತನಗೇ ಎಂಬಂತೆ. "ನಾನೊಬ್ಬಳೇ."

"ಮೇಡಂ, ಏನು ಮಾಡ್ಲಿ?" ಎಂದ ದಫೇದಾರ. "ಮತ್ತೆ ಎಚ್ಚರ ಆದ್ರೆ ಏನು ಕೇಳ್ಲಿ? ಹೆಸರಾ? ಎಲ್ಲಿದ್ದಾನೆ ಅಂತಾನಾ?"

ಇನ್ಸ್‌ಪೆಕ್ಟರ್ ಬಾಯಿ ತೆರೆಯುವ ಮೊದಲೇ ಮಗಳು ಅವರ ಮಣಿಕಟ್ಟು ಹಿಡಿದು ಫೋನನ್ನು ತನ್ನ ಬಾಯಿಯ ಹತ್ತಿರ ಎಳೆದುಕೊಂಡಳು. ಬಿಳಿ ಮೆತ್ತಿದ ಬೆರಳುಗಳು ಉಗುರು ನಾಟುವಷ್ಟು ಬಿಗಿಯಾಗಿದ್ದವು.

"ಕೇಳಿ," ಎಂದಳು. "ಅವನಿಗೆ ಕೋಲು ಕಲಿಸಿದ್ದಾರಾ ಅಂತ ಕೇಳಿ."